ಹದಿನೇಳನೆಯ ವಾಕ್ಯ

ಉಳ್ಳಾಲ, ಮಂಗಳೂರು
ಮಂಗಳವಾರ, 14 ಅಕ್ಟೋಬರ್ 2025

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ಸೊಂಟನೋವು ಹೇಗುಂಟು? ಜುಬೈಲಿನ ರೂಮಿನಲ್ಲಿ ಈಗಲೂ ಎಸಿ ಕೆಮ್ಮುವುದೋ, ನೀವೋ? ಫೋನಿನಲ್ಲೇ ಕೇಳಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಫೋನೆಂದರೆ ಸ್ಪೀಕರ್, ಸ್ಪೀಕರೆಂದರೆ ಅಜ್ಜ. ಹಾಗಾಗಿ ನಾಳೆ ಸೌದಿಗೆ ವಿಮಾನ ಹತ್ತುವ ಪಕ್ಕದ ಮನೆಯ ಅರಾಫತಾಕನ ಸೂಟ್‌ಕೇಸಿನಲ್ಲಿ, ಮೀನಿನ ಉಪ್ಪಿನಕಾಯಿಯ ಪಕ್ಕ, ಈ ಪತ್ರ.

ಮುಖ್ಯ ಸುದ್ದಿ: ನಿಮ್ಮ ಮಗಳ ಧರ್ಮನಿಷ್ಠೆಯನ್ನು ಕಳೆದ ಶನಿವಾರ ಅಧಿಕೃತವಾಗಿ ಅಳೆಯಲಾಯಿತು. ಮನಃಶಾಸ್ತ್ರದಲ್ಲಿ ಸಂಶೋಧನೆ ಮಾಡುವ ಸಂಚಿತಾ ಮೇಡಂ ನಮ್ಮ ಪಿಯು ಕಾಲೇಜಿಗೆ ಬಂದು, ಮುಸ್ಲಿಂ ಮಕ್ಕಳನ್ನು ಕೂರಿಸಿ, ಮೂವತ್ತು ವಾಕ್ಯಗಳ ಹಾಳೆ ಹಂಚಿದರು. ಒಂದೆಂದರೆ ‘ಖಂಡಿತ ಅಲ್ಲ’, ಐದೆಂದರೆ ‘ಖಂಡಿತ ಹೌದು’. ಹೆಸರು ಬರೆಯಬಾರದು, ಪಾಸು-ಫೇಲೂ ಇಲ್ಲ. ನಲವತ್ತು ವರ್ಷ ಬಟ್ಟೆ ಅಳೆದ ಅಜ್ಜನಿಗೆ ಇದನ್ನು ಕೇಳಿ ಸುಮ್ಮನೆ ಕೂರಲಾಗಲಿಲ್ಲ. “ಎಂತದು ಮಾರಾಯ್ತಿ, ಈಮಾನಿಗೂ ಮೀಟರ್ ಕೋಲುಂಟಾ? ನಿನ್ನದು ಎಷ್ಟು ಬಂತು, ಒಂದು ಕರ್ಚೀಫಿಗಾದರೂ ಸಾಕಾ?”

‘ನೆರೆಹೊರೆಯವರು ಮೆಚ್ಚಲೆಂದು ನಮಾಝ್ ಮಾಡುತ್ತೇನೆ’ ಎಂಬುದಕ್ಕೆ ಒಂದು ಕೊಟ್ಟೆ. ಉಮ್ಮನ ಬಿರಿಯಾನಿಯನ್ನೇ ಮೆಚ್ಚದವರು ನನ್ನ ನಮಾಝ್ ಮೆಚ್ಚುವುದುಂಟೇ? ‘ಒಬ್ಬಳೇ ಇರುವಾಗಲೂ ಮಾಡುತ್ತೇನೆ’ ಎಂಬುದಕ್ಕೆ ಐದು. ಬೇರೆ ದಾರಿ ಎಲ್ಲಿ? ಉಮ್ಮ ಈಗ ಒಳಕೋಣೆಯಲ್ಲೇ ಮುಗಿಸುತ್ತಾರೆ. ಹಾಲ್‌ನಲ್ಲಿ ನೀವು ನಮಾಝಿಗೆ ಮುಂದೆ ನಿಲ್ಲುತ್ತಿದ್ದ ಜಾಗಕ್ಕೆ ಇಸ್ತ್ರಿ ಮೇಜು ಬಂದಿದೆ. ನಾನು ಅದರ ಹಿಂದೆ, ನನ್ನ ಹಳೆಯ ಜಾಗದಲ್ಲೇ, ಚಾಪೆ ಹಾಸುತ್ತೇನೆ. ಶಿಸ್ತಿನ ಮೇಜು, ದೂರಿಲ್ಲ. ಆದರೆ ಏಳುವಾಗ ಸೊಂಟ ಹಿಡಿದು ನಿಮ್ಮ ಹಾಗೆ “ಯಾ ಅಲ್ಲಾಹ್” ಎನ್ನುವುದಿಲ್ಲ.

ಹದಿನೇಳನೆಯ ವಾಕ್ಯದಲ್ಲಿ ಪೆನ್ಸಿಲ್ ನಿಂತಿತು: ‘ನಾನು ಪ್ರಾರ್ಥಿಸುವುದು ಮುಖ್ಯವಾಗಿ ನನಗೆ ಬೇಕಾದದ್ದು ಸಿಗಲೆಂದು.’ ಒಳ್ಳೆಯ ಹುಡುಗಿಯ ಗತ್ತಿನಲ್ಲಿ ಒಂದಕ್ಕೆ ಸುತ್ತು ಹಾಕಿದೆ.

ಉಮ್ಮನ, ಅಜ್ಜನ ಸಲಾಂ. ಸೊಂಟಕ್ಕೆ ಎಣ್ಣೆ ಹಚ್ಚಿ. ಹಚ್ಚಿದೆ ಎಂದು ಸುಳ್ಳು ಹೇಳಬೇಡಿ. ನಿಮ್ಮನ್ನು ಅಲ್ಲಾಹು ಕಾಯಲಿ.

ನಿಮ್ಮ,
ನಜ್ಲಾ

ಮತ್ತೆ: ಅರಾಫತಾಕ ಸೂಟ್‌ಕೇಸ್ ಮುಚ್ಚಲು ಕೂಗುತ್ತಿದ್ದಾರೆ, ಬೇಗ ಹೇಳುತ್ತೇನೆ. ಹದಿನೇಳನೆಯದರ ಆ ಒಂದನ್ನು ಕಾಗದ ಹರಿಯುವಷ್ಟು ಅಳಿಸಿ ಐದು ಮಾಡಿದೆ. ಇನ್ನೆರಡು ವರ್ಷದ ಕಾಂಟ್ರಾಕ್ಟಿಗೆ ಬರುವ ಭಾನುವಾರ ಸಹಿ ಹಾಕುತ್ತೇನೆ ಎಂದು ಫೋನಿನಲ್ಲಿ ಹೇಳಿದಿರಲ್ಲ, ಆಗ ಎಲ್ಲರ ಎದುರು “ಆಯ್ತು ಉಪ್ಪಾ, ನನಗೆ ಬೇಜಾರೇನಿಲ್ಲ” ಎಂದೆ. ನನ್ನ ಆ ಮಾತಿಗೆ ಉತ್ತರ ಒಂದು, ಖಂಡಿತ ಅಲ್ಲ. ಸಹಿ ಹಾಕಬೇಡಿ. ಮೇಜನ್ನು ನಾನೇ ಸರಿಸಿಡುತ್ತೇನೆ.