ಮೋಡವೆಂದು ತಳ್ಳಿದ ಹೊಗೆ

ಮೇ 6, ಪೆಂಬಾ

ಬೆಳಿಗ್ಗೆಯಿಂದ ಉಪಗ್ರಹದ ಚಿತ್ರ ಜೋಡಿಸುವುದೇ ಕೆಲಸ. ಸಾವಿರಾರು ತುಂಡು. ಒಂದೇ ಜಾಗದ ಹಲವು ದಿನಗಳ ಚಿತ್ರವಿದ್ದರೆ ಮೋಡ ಕಡಿಮೆಯಿರುವುದು ಮೇಲೆ ಬರಬೇಕು — ನಮ್ಮ ಮುಖ್ಯಸ್ಥ ಸೆಲ್ಸೊನ ನಿಯಮ. ನಕ್ಷೆ ಹಸಿರಾಗಿ ಚೆಂದ ಕಾಣುತ್ತದೆ. ಬಂದೂಕಿನವರ ದಾಳಿಗೆ ಊರು ಬಿಟ್ಟುಬಂದ ನಿರಾಶ್ರಿತರ ಶಿಬಿರದಲ್ಲಿ ನೆಟ್‌ವರ್ಕ್ ಇಲ್ಲ. ಅದಕ್ಕೇ ಅವರ ಫೋನುಗಳಿಗೆ ನಕ್ಷೆ ತುಂಬಿಸಿ ಕೊಟ್ಟೆವು. ತಮ್ಮೂರು ನೋಡಿ ಅತ್ತವರಿದ್ದಾರೆ.

ಮೇ 8

ಶಿಬಿರದಲ್ಲಿರುವ ನನ್ನಕ್ಕ ಅವಾಜೆ ಆಫೀಸಿಗೆ ಬಂದಿದ್ದಳು. ನಮ್ಮೂರು ನಾಂಕುಂದ ತೋರಿಸು ಅಂದಳು. ಮನೆಯ ತಗಡು, ಮಸೀದಿ, ಮರಗೆಣಸಿನ ಹೊಲ... ಎಲ್ಲ ಇದ್ದ ಹಾಗೇ ಇದೆ.

"ಬಂದೂಕಿನವರು ನಮ್ಮೂರಿಗೆ ಬಂದಿಲ್ಲ, ನೋಡೋ. ಗೆಣಸು ಕೊಳೀತಿದೆ. ನಾನೂ ನಿಮ್ಮ ಭಾವನೂ ಹೋಗ್ತೀವಿ."

ಹೋಗು ಅಂದೆ. ನಾನೇ ಅಂದೆ.

ಮೇ 15

ಅಕ್ಕ ಆಸ್ಪತ್ರೆಯಲ್ಲಿ ಸಿಕ್ಕಳು. ಮಚ್ಚಿನೇಟು. ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಭಾವನ ತಲೆ ಕಡಿದು ಬಾವಿಕಟ್ಟೆಯ ಮೇಲಿಟ್ಟರಂತೆ. ಇವರು ಹೋಗುವ ಮೊದಲೇ ಊರು ಸುಟ್ಟಿತ್ತು. ಬಂದೂಕಿನವರು ಅಲ್ಲೇ ಬಿಡಾರ ಹೂಡಿದ್ದರು.

"ನಿನ್ನ ನಕ್ಷೇಲಿ ಇತ್ತಲ್ಲೋ" ಅಂದಳು.

ಮೇ 16

ಚಿತ್ರಗಳನ್ನು ಒಂದೊಂದೇ ಪದರ ಬಿಚ್ಚಿ ನೋಡಿದೆ. ಮೇ ಎರಡರದು ತಳದಲ್ಲಿ ಬಿದ್ದಿದೆ. ನಾಂಕುಂದದ ಮೇಲೆ ದಟ್ಟ ಬಿಳಿ. ಮೋಡವಲ್ಲ, ಹೊಗೆ. ಕಂಪ್ಯೂಟರು ಅದನ್ನು ಮೋಡವೆಂದು ತಳ್ಳಿ ಮಾರ್ಚಿನ ಹಸಿರನ್ನು ಮೇಲೆ ಹಾಕಿದೆ. ಉರಿದ ಊರುಗಳೆಲ್ಲ ನಮ್ಮಲ್ಲಿ ನೆಟ್ಟಗೆ ನಿಂತಿವೆ. ಹೊಸ ಚಿತ್ರ ತರಿಸಿದೆ: ಊರಿದ್ದಲ್ಲಿ ಬರೀ ಕರಿ.

ಹೊಗೆಯೋ ಮೋಡವೋ ಅಂತ ಕಂಪ್ಯೂಟರಿಗೇನು ಗೊತ್ತು ಅಂದ ಸೆಲ್ಸೊ. ಕುರ್ಚಿ ಎತ್ತಿ ಬಾರಿಸಿದೆ. ಹಣೆ ಒಡೆಯಿತು. ಅವನು ರಕ್ತ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತ. ಇಬ್ಬರೂ ಸೇರಿ ನಕ್ಷೆ ಸರಿಮಾಡಿದೆವು.

ಮೇ 17, ಸಂಜೆ

ಸರ್ವರಿನಲ್ಲಿ ಸರಿಯಾಯಿತು. ಫೋನುಗಳಲ್ಲಿ ಹಳೆಯದೇ ಕೂತಿದೆಯಲ್ಲ! ಶಿಬಿರಕ್ಕೆ ಓಡಿದೆ. ನಾಂಕುಂದದವರು ಲಾರಿ ಗೊತ್ತುಮಾಡಿದ್ದಾರೆ. ಬೆಳಗಾದರೆ ಮಕ್ಕಳುಮರಿ ಕಟ್ಟಿಕೊಂಡು ಹೊರಡುತ್ತಾರೆ. ಅಕ್ಕನಿಗಾದದ್ದು ಹೇಳಿದೆ, ಹೊಸ ಚಿತ್ರ ತೋರಿಸಿದೆ. ಕಾಲು ಹಿಡಿದೆ. ಅವರ ಹಿರಿಯ ಸುಮೈಲ ಫೋನನ್ನು ನನ್ನ ಮುಖಕ್ಕೆ ಹಿಡಿದ.

"ಇದನ್ನ ತುಂಬಿಸಿಕೊಟ್ಟೋನು ನೀನೇ. ನೋಡು, ಮಸೀದಿ ನಿಂತಿದೆ. ಈಗ ಸುಟ್ಟುಹೋಗಿದೆ ಅಂತೀಯ. ನಾವು ಇಲ್ಲೇ ಬಿದ್ದಿದ್ರೆ ತಾನೇ ನಿಮ್ಮ ಆಫೀಸು ನಡೆಯೋದು?"

ಅವನ ಮಗ ಗುದ್ದಿದ. ಆಮೇಲೆ ಎಲ್ಲರೂ. ಮುಂದಿನ ಹಲ್ಲು ಹೋಯಿತು. ಬಿದ್ದವನನ್ನು ಒದ್ದವರಲ್ಲಿ ಹೆಂಗಸರೂ ಇದ್ದರು.

ಮೇ 18, ಬೆಳಿಗ್ಗೆ

ಶಿಬಿರದ ಬೇಲಿಯ ಹೊರಗೆ ಕೂತಿದ್ದೇನೆ. ಬಾಯಿ ಊದಿದೆ. ಸೆಲ್ಸೊ ಪೊಲೀಸರನ್ನು ಕರೆತರಲು ಹೋದವನು ಬಂದಿಲ್ಲ. ಚೀಲ, ಪಾತ್ರೆ, ಕೋಳಿ, ಎಲ್ಲ ಲಾರಿ ಹತ್ತಿದವು. ಈಗ ಜನ ಹತ್ತುತ್ತಿದ್ದಾರೆ. ಒಬ್ಬಳು ಕೂಸನ್ನು ಮೇಲಕ್ಕೆ ಕೊಟ್ಟಳು. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದಾನೆ. ಇವರು ಮಾತು ಕೇಳುವವರಲ್ಲ. ಟೈರು ಸೀಳಬೇಕು. ಕೈಗೆ ಸಿಕ್ಕರೆ ಕೊಂದೇ ಹಾಕುತ್ತಾರೆ — ಕೊಲ್ಲಲಿ. ಚಾಕು ತಂದಿದ್ದೇನೆ. ಡ್ರೈವರ್ ಲೋಟ ಕೆಳಗಿಟ್ಟ. ಎಲ್ಲ ಟೈರಿಗೂ ಸಮಯವಿಲ್ಲ, ಮೊದಲು ಈ ಕಡೆಯ ಮುಂದಿನದು. ಏಳುತ್ತೇನೆ.