‘ಆರಾಮ’ ಎಂದರೆ ಐದು ಅಂಕವಲ್ಲ, ಸಾಹೇಬರೇ

ಮಾನ್ಯ ಜೀವನಮಟ್ಟ ಮಾಪನಾಧಿಕಾರಿಗಳೇ,

ನಮ್ಮ ವಖಾರ ಓಣಿಗೆ ಕೊಟ್ಟಿರುವ ಮೊದಲನೆಯ ಸ್ಥಾನವನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಊರಿನ ಎಲ್ಲ ಬಡಾವಣೆಗಳಲ್ಲಿ ಅತಿ ಸುಖವಾಗಿ ಬದುಕುತ್ತಿರುವವರು ನಾವೇ ಎಂದು ನಿಮ್ಮ ಸಮೀಕ್ಷೆ ಹೇಳಿದೆ. ಆ ಕಾರಣಕ್ಕೇ ತೆರೆದ ಗಟಾರಗಳಿಗೆ ಕಾಂಕ್ರೀಟ್ ಹಾಸು ಹಾಕುವ ಈ ವರ್ಷದ ಕೆಲಸದಿಂದ ನಮ್ಮನ್ನು ಬಿಟ್ಟಿದ್ದೀರಿ. ಸುಖವಾಗಿರುವವರಿಗೆ ಗಟಾರ ಮುಚ್ಚುವುದೇಕೆ, ಅಲ್ಲವೇ? ನಾನು ಬರೆದು ರೂಢಿಯಿದ್ದವನಲ್ಲ. ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಈ ಪತ್ರಿಕೆಯವರು ಅಕ್ಷರಕ್ಕೆ ಇಳಿಸಿದ್ದಾರೆ. ಐವತ್ತು ವರ್ಷದವನ ಬಾಯಿ, ಮಾತು ಸ್ವಲ್ಪ ಉದ್ದವಾಗುತ್ತದೆ.

ಈ ಸ್ಥಾನ ನಮಗೆ ಸಿಕ್ಕಿದ್ದು ಒಂದೇ ಒಂದು ಶಬ್ದದಿಂದ. ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮ್ಮಲ್ಲಿ ಯಾರೇ ಎದುರಾದರೂ ‘ಆರಾಮ?’ ಎನ್ನುತ್ತಾರೆ, ನಾವು ‘ಆರಾಮ್ರಿ’ ಎನ್ನುತ್ತೇವೆ. ಅದು ಉತ್ತರವಲ್ಲ, ನಮಸ್ಕಾರ. ಮಗಳ ಲಗ್ನ ಮುರಿದವನೂ ಆರಾಮ, ಎಮ್ಮೆ ಸತ್ತವನೂ ಆರಾಮ. ‘ಆರಾಮ ಇಲ್ಲ’ ಎಂದರೆ ಜ್ವರ ಬಂದಿದೆ, ದವಾಖಾನೆಗೆ ಹೋಗಬೇಕು ಎಂದರ್ಥ. ನಿಮ್ಮ ಕಡೆಯಿಂದ ಬಂದ ಹುಡುಗಿ ದೂರದ ಊರಿನವಳು, ಮರ್ಯಾದಸ್ಥೆ. ಮನೆಮನೆಯ ಮುಂದೆ ನಿಂತು ನಿಮ್ಮ ಬಡಾವಣೆಯಲ್ಲಿ ಜೀವನ ಹೇಗಿದೆ ಎಂದು ಕೇಳಿದಳು. ನಾನೂ ಸೇರಿ ಇಡೀ ಓಣಿ ‘ಆರಾಮ ಐತ್ರಿ’ ಎಂದಿತು. ಆಕೆ ಟ್ಯಾಬಿನಲ್ಲಿ ‘ಅತ್ಯಂತ ತೃಪ್ತಿಕರ’ ಎಂಬುದನ್ನು ಒತ್ತಿದಳು. ಐದಕ್ಕೆ ಐದು. ಆಕೆಯನ್ನು ನಾನು ದೂರುವುದಿಲ್ಲ. ಆದರೆ ಪ್ರಶ್ನೆ ಬರೆದವರು, ಅಂಕ ಕೂಡಿಸಿದವರು, ಸಹಿ ಹಾಕಿದವರು, ಇಷ್ಟು ಜನರಲ್ಲಿ ಒಬ್ಬರಿಗಾದರೂ ಇಷ್ಟು ಸುಖವಿರುವ ಓಣಿಯನ್ನು ಒಮ್ಮೆ ನೋಡಿಬರೋಣ ಎನಿಸಲಿಲ್ಲವೇ?

ಬಂದಿದ್ದರೆ ನನ್ನ ನೆರೆಮನೆಯ ತಾರವ್ವನನ್ನು ನೋಡುತ್ತಿದ್ದಿರಿ. ತಂಬಾಕಿನ ವಖಾರಕ್ಕೆ, ಅಂದರೆ ಗೋದಾಮಿಗೆ, ಕೂಲಿಗೆ ಹೋಗುತ್ತಿದ್ದ, ನನಗಿಂತ ಹಿರಿಯ ಹೆಂಗಸು. ಆಕೆಯ ಹೊಸ್ತಿಲಿಗೂ ರಸ್ತೆಗೂ ನಡುವೆ ಗಟಾರವಿದೆ. ದಾಟಲು ಒಂದು ಹಾಸುಗಲ್ಲಿತ್ತು. ಹೋದ ಮಳೆಗಾಲದಲ್ಲಿ ಕಲ್ಲು ಜಾರಿತು, ಆಕೆ ಬಿದ್ದಳು, ತೊಡೆಯ ಎಲುಬು ಮುರಿಯಿತು. ನಾವೇ ಬೇರೆ ಕಲ್ಲು ತಂದು ಹಾಕಿದರೆ, ಹೂಳು ತೆಗೆಯಲು ಬಂದವರು ಅಡ್ಡವಾಗುತ್ತದೆಂದು ಎತ್ತಿ ಒಗೆದರು. ನಿಮ್ಮ ಹುಡುಗಿ ಬಂದಾಗ ತಾರವ್ವ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದಳು.

“ಆರಾಮ ಐತಿ ಯವ್ವಾ. ನೀ ಮೊದ್ಲ ಕುಂದರು, ಚಾ ಕುಡಿ. ಬಿಸಲಾಗ ಬಂದಿ,” ಎಂದಳು.

ಅದಕ್ಕೂ ಐದು ಅಂಕ ಬಿತ್ತು. ಹುಡುಗಿ ಹೋದ ಮೇಲೆ ನಾನು ಕೇಳಿದೆ: “ಯಕ್ಕಾ, ಕಾಲ ಮುರಕೊಂಡ ಬಿದ್ದಿ, ಆರಾಮ ಅಂದ್ಯಲ್ಲ ಬೇ?”

“ಮನಿಗೆ ಬಂದ ಕೂಸಿನ ಮುಂದ ಗಟಾರದ ಪುರಾಣ ಹೇಳ್ಲೇನೋ ಮಾಳು? ನಿನಗರ ಕಾಲ ನೆಟ್ಟಗ ಅದಾವು, ನೀ ಯಾಕ ಆರಾಮ ಅಂದಿ?”

ಹುಡುಗಿ ಕುಡಿದಿಟ್ಟ ಚಾ ಬಟ್ಟಲನ್ನು ನಾನು ಒಳಗಿಟ್ಟು ಬಂದೆ.

ನಮಗೆ ಬರಬೇಕಿದ್ದ ಕೆಲಸ ಈಗ ಹೊಸ ಕಾಲೊನಿಗೆ ಹೋಗಿದೆ. ಅಲ್ಲಿ ಗಟಾರದ ಹಳೆಯ ಹಾಸು ಕಿತ್ತು ಹೊಸದು ಹಾಕುತ್ತಾರಂತೆ. ಬಟ್ಟೆ ಅಂಗಡಿಯ ಪಾರಿಸ ಅಲ್ಲೇ ಇರುತ್ತಾನೆ, ನನ್ನ ಸಾಲೆಯ ಗೆಳೆಯ. ಸಮೀಕ್ಷೆಯಲ್ಲಿ ಆ ಕಾಲೊನಿಯವರು ಹೇಳಿದ ಕಷ್ಟಗಳು ಉದ್ಯಾನದಲ್ಲಿ ಬೆಂಚು ಸಾಲದು, ಬೀದಿದೀಪದ ಬೆಳಕು ಹಳದಿ ಎಂಬಂಥವು. “ನಾವು ತಕರಾರು ಮಾಡೂದು ಕಲ್ತೀವಿ, ನೀವು ಇನ್ನಾ ಚಾ ಮಾಡಾಕತ್ತೀರಿ. ಮಾರ್ಕ್ಸ್ ಹೆಂಗ ಕಡಿಮಿ ಬೀಳ್ತಾವಲೇ?” ಎಂದು ನಕ್ಕ. ನಾನೂ ನಕ್ಕೆ, ಮತ್ತೇನು ಮಾಡಲಿ? ಕಚೇರಿಗೆ ಹೋಗಿ ತಕರಾರು ಕೊಟ್ಟರೆ ಗುಮಾಸ್ತರು ಓದಿ, ಫಸ್ಟ್ ಬಂದವರು ಬೇಡವೆನ್ನುವುದನ್ನು ತಾವು ಎಲ್ಲೂ ನೋಡಿಲ್ಲವೆಂದರು. ದೂರಲು ಬಲ್ಲವರು ಕಷ್ಟದಲ್ಲಿದ್ದಾರೆ, ಸುಮ್ಮನಿರುವವರು ಸುಖದಲ್ಲಿದ್ದಾರೆ ಎಂಬುದೇ ನಿಮ್ಮ ಅಳತೆಗೋಲೇ?

ತಾರವ್ವನ ಎಲುಬು ಕೂಡಿದೆ. ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುತ್ತಾಳೆ. ಗಟಾರ ದಾಟುವುದು ಮಾತ್ರ ಆಗದು. ದವಾಖಾನೆಗೆ ಒಯ್ಯುವಾಗ ಆಕೆಯನ್ನು ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂರಿಸಿ, ನಾವು ನಾಲ್ವರು ಒಂದೊಂದು ಕಾಲು ಹಿಡಿದು ಎತ್ತಿ ದಾಟಿಸುತ್ತಿದ್ದೆವು. ಹೋದ ತಿಂಗಳು ರಸ್ತೆಯ ಮೇಲೆ ಇಳಿಸಿದಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು:

“ಮಾಳು, ಇದ ಕಡೀಕ. ನಾಕ್ ಮಂದಿ ಎತ್ತೂದು ಒಂದ ಸಲ ಇರ್ಲೆಪಾ.”

ಅಂದಿನಿಂದ ಆಕೆ ಹೊರಗೆ ಬಂದಿಲ್ಲ. ಮುಂದಿನ ತಪಾಸಣೆಗೂ ಹೋಗಲಿಲ್ಲ. ನಡೆಯದೆ ಹೀಗೇ ಕೂತರೆ ಕಾಲು ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕೂಲಿ ಆಗಲೇ ಹೋಗಿದೆ.

ಆದ್ದರಿಂದ ಸ್ಥಾನ ವಾಪಸು ಪಡೆದು, ನಮ್ಮ ಓಣಿಯನ್ನು ಈ ವರ್ಷದ ಕೆಲಸಕ್ಕೆ ಸೇರಿಸಿ. ಮತ್ತೆ ಅಳೆಯಲೇಬೇಕು ಎಂದರೆ ನೀವೇ ಬನ್ನಿ. ಹೇಗಿದ್ದೀರಿ ಎಂದು ಯಾರನ್ನೂ ಕೇಳಬೇಡಿ. ಆಕೆಯ ಹೊಸ್ತಿಲಲ್ಲಿ ನಿಂತು, ಒಂದು ಕೋಲು ಹಿಡಿದು, ರಸ್ತೆಗೆ ದಾಟಿ ತೋರಿಸಿ. ಇಡೀ ಓಣಿಗೆ ತಡವಾಗುವುದಿದ್ದರೆ, ಮಳೆ ಹಿಡಿಯುವ ಮೊದಲು ಆ ಒಂದು ಬಾಗಿಲ ಮುಂದಾದರೂ ಗಟ್ಟಿ ಹಾಸು ಹಾಕಿಸಿ, ಹಿಡಿದುಕೊಳ್ಳಲು ಒಂದು ಕಂಬಿ ನೆಡಿಸಿ. ತಾರವ್ವ ತನ್ನ ಕಾಲಿನಿಂದ ಬೀದಿಗೆ ಬರಲಿ.

ಇಂತಿ,
ಆಕೆಯ ಖುರ್ಚಿಯ ಹಿಂಬದಿಯ ಎಡಗಾಲು ಹಿಡಿಯುತ್ತಿದ್ದವ,
ಮಾಳು
ವಖಾರ ಓಣಿ