ಕೌದಿಯ ಹೊಟ್ಟೆಗೆ ಏನು ತುಂಬಲಿ?

ಜಿಗಣಿ
8-11-2012

ಹಟಮಾರಿ ಮಹಾದೇವಿಗೆ, ಕೆಳಗಿನ ನಿಮ್ಮ ಬಾಡಿಗೆ ರೂಮಿನ ಬಾಗಿಲು ಕಂಡಾಗಲೆಲ್ಲ ನಿನ್ನನ್ನು ನೆನೆಯುವ ನಾಗಲಕ್ಷ್ಮಮ್ಮನ ಆಶೀರ್ವಾದ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೌದಿಯ ಮಾತು ಎತ್ತಿದರೆ ಸಾಕು, ‘ಅದು ಕೂಸಿಂದು, ಕಳಸಬ್ಯಾಡ್ರಿ ಅಮ್ಮಾರ’ ಎಂದು ಫೋನ್ ಇಟ್ಟುಬಿಡುತ್ತೀಯ. ಹಾಗಾಗಿ ದೀಪಾವಳಿಗೆ ಊರಿಗೆ ಹೊರಟ ನಿನ್ನ ಗಂಡ ಬಸಲಿಂಗನ ಕೈಗೆ ಗಂಟು ಕೊಟ್ಟು, ಅದರೊಳಗೆ ಈ ಕಾಗದ ಇಟ್ಟಿದ್ದೇನೆ. ಹೆರಿಗೆಗೆಂದು ಊರಿಗೆ ಹೋದ ನಿನಗೆ ದಿನ ತುಂಬುತ್ತಿದೆ. ನಿನ್ನ ಅವ್ವ ಕಣ್ಣು ಮುಚ್ಚುವ ಮುಂಚೆ ತನ್ನ ಸೀರೆಗಳನ್ನೇ ಪದರ ಪದರವಾಗಿ ಇಟ್ಟು ನಿನಗೆಂದು ಹೊಲಿದ ಕೌದಿ ಅದು. ಅದರ ಮೇಲೆ ನಿನ್ನ ಕೂಸು ಮಲಗದೆ ನನ್ನ ಮೊಮ್ಮಗಳು ಮಲಗಿದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಆ ದಿನ ನೆನೆದರೆ ಇವತ್ತಿಗೂ ಕಣ್ಣು ತುಂಬುತ್ತದೆ. ನನ್ನ ಮಗಳು ಕೃಪಾ ಏಳು ತಿಂಗಳಿಗೇ ಹೆತ್ತು, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಪುಟ್ಟಿಯನ್ನು ಮನೆಗೆ ತಂದಾಗ ಅದು ಮೊರದ ಮೂಲೆಯಲ್ಲಿ ಹಿಡಿಯುವಷ್ಟಿತ್ತು. ಅಳಿಯ ತಂದ ದುಬಾರಿ ಹಾಸಿಗೆಯ ಮೇಲೆ ಹಾಕಿದರೆ ಕಿರಿಚುತ್ತಿತ್ತು. ಕೃಪಾ ನಿದ್ದೆಯಿಲ್ಲದೆ ಗೋಡೆಯ ಜೊತೆ ಮಾತಾಡತೊಡಗಿದ್ದಳು. ಗಾರ್ಮೆಂಟ್ಸಿನಿಂದ ಬಂದವಳು ನೀನು ಊಟವನ್ನೂ ಮಾಡದೆ ಮೆಟ್ಟಿಲು ಹತ್ತಿ ಬಂದು, ‘ಇದರ ಮ್ಯಾಲ ಹಾಕಿ ನೋಡ್ರಿ’ ಎಂದು ಕೌದಿ ಹಾಸಿದೆ. ಕೂಸು ಒಮ್ಮೆ ಬಿಕ್ಕಿ ನಿದ್ದೆ ಹೋಯಿತು. ಕೃಪಾಳೂ ಪಕ್ಕದಲ್ಲೇ ಉರುಳಿಕೊಂಡಳು. ನೀರು ಜಾಸ್ತಿ ಖರ್ಚು ಮಾಡುತ್ತೀರೆಂದು ನಿಮ್ಮನ್ನು ದಿನಾ ಗದರುತ್ತಿದ್ದವಳು ನಾನು. ನೀನು ಅದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಅವತ್ತು ನೀನು ಬರದಿದ್ದರೆ ನನ್ನ ಮಗಳು ಏನಾಗುತ್ತಿದ್ದಳೋ ನನಗೆ ಗೊತ್ತಿಲ್ಲ.

ನಿನ್ನದನ್ನು ಹಿಂದಿರುಗಿಸಬೇಕಾದರೆ ಪುಟ್ಟಿಗೆ ಇನ್ನೊಂದು ಬೇಕಲ್ಲ. ಹೊಲಿಗೆ ನೀನೇ ಕಲಿಸಿದ್ದೆ. ಒಳಗೆ ಹಳೆ ಸೀರೆಯನ್ನೇ ಇಡಿ ಎಂದೂ ಹೇಳಿದ್ದೆ. ಓನರಮ್ಮನಾಗಿ ಹಳೆ ಬಟ್ಟೆ ತುಂಬುವುದೇ ಎಂದು ನನಗೆ ಬಿಂಕ. ಮೊದಲು ಸೋಫಾ ಮಾಡುವವರ ಹತ್ತಿರ ತೆಳ್ಳನೆ ಸ್ಪಂಜು ತಂದು ತುಂಬಿದೆ. ಪುಟ್ಟಿಯ ಬೆನ್ನು ಬೆವರಿ ಕೆಂಪು ಗುಳ್ಳೆ ಎದ್ದವು. ಆಮೇಲೆ ಹಾಸಿಗೆ ಅಂಗಡಿಯ ಹತ್ತಿ ತುಂಬಿದೆ. ಅವಳು ಒದ್ದೆ ಮಾಡಿದಳು, ನಾನು ಒಗೆದೆ, ಹತ್ತಿಯೆಲ್ಲ ಒಂದೊಂದು ಕಡೆ ಉಂಡೆ ಕಟ್ಟಿ ಕೌದಿ ಕಡಲೆಕಾಯಿ ಮೂಟೆಯಾಯಿತು. ದಿಂಬಿಗೆ ತುಂಬುವ ಬಿಳಿ ನೈಲಾನ್ ಹತ್ತಿ ಹಗುರವೇನೋ ಸರಿ, ಆದರೆ ಹೊಲಿಗೆಯ ತೂತಿನಿಂದ ಎಳೆ ಎಳೆಯಾಗಿ ಹೊರಬಂದು ಮಗು ಸೀನಿ ಸೀನಿ ಸುಸ್ತಾಯಿತು. ಹಟ ಬಿಡದೆ ಕಂಬಳಿ ಕತ್ತರಿಸಿ ಇಟ್ಟೆ. ಒಗೆದರೆ ಒಣಗುವುದೇ ಇಲ್ಲ. ನಮ್ಮ ಯಜಮಾನರು ಮೂಗು ಮುಚ್ಚಿಕೊಂಡು, ‘ಮನೇಲಿ ಕುರಿ ಕಟ್ಕೊಂಡಿದ್ದೀಯೇನೆ?’ ಎಂದು ಕೇಳಿದರು.

ಕೊನೆಗೆ ಬಿಂಕ ಬಿಟ್ಟು ಬೀರು ತೆಗೆದರೆ, ಹಳೆ ಸೀರೆ ಎಲ್ಲಿದೆ? ಇಷ್ಟು ವರ್ಷ ಒಂದನ್ನೂ ಉಳಿಸದೆ ಪಾತ್ರೆಯವಳಿಗೆ ಕೊಟ್ಟು ಸ್ಟೀಲು ಡಬ್ಬ ತಗೊಂಡಿದ್ದೇನೆ! ಅಟ್ಟದ ತುಂಬ ಡಬ್ಬ. ಪಾತ್ರೆಯ ವೆಂಕಟಮ್ಮ ಬೀದಿಗೆ ಬಂದಾಗ ಎರಡು ಡಬ್ಬ ಹಿಡಿದು ಓಡಿದೆ. ಇವನ್ನು ತಗೊಂಡು ಸೀರೆ ಕೊಡು ಎಂದೆ. ಅವಳು ಬುಟ್ಟಿ ಇಳಿಸಿ ನಕ್ಕಳು. ‘ಏನಕ್ಕಾ, ಇಂಗೂ ಉಂಟಾ? ಲೋಕಾನೇ ಉಲ್ಟಾ ಆಗೋಯ್ತಲ್ಲ’ ಎಂದಳು. ಆವತ್ತು ಅವಳ ಗಂಟಿನಲ್ಲಿ ಬರೀ ಪ್ಯಾಂಟು. ಸುದ್ದಿ ಕೇಳಿ ನಿಮ್ಮ ರೂಮಿನ ಸಾಲಿನಲ್ಲೇ ಬಾಡಿಗೆಗಿರುವ ದೇವಕ್ಕ ತನ್ನದೊಂದು ಸೀರೆ ಕೊಟ್ಟಳು, ಉಳಿದವರೂ ಒಂದೊಂದು ತಂದರು. ಡಬ್ಬ ಕೊಡಲು ಹೋದರೆ ಯಾರೂ ಮುಟ್ಟಲಿಲ್ಲ.

ಆ ಸೀರೆಗಳ ಕೌದಿ ಹದವಾಗಿ ಬಂತು. ಆದರೂ ಪುಟ್ಟಿ ಕೈಯಾಡಿಸಿ ಏನನ್ನೋ ಹುಡುಕಿ ಅತ್ತಳು. ನಿನಗೆ ಗೊತ್ತಲ್ಲ, ನಿನ್ನ ಕೌದಿಯ ಮೂಲೆಯಲ್ಲಿ ಮೇಲಿನ ಬಟ್ಟೆ ಹರಿದು ಒಳಗಿನ ಇಳಕಲ್ ಸೀರೆ ಇಣುಕುವ ಜಾಗ. ಅದನ್ನು ಕೆನ್ನೆಗೆ ಉಜ್ಜಿಕೊಂಡೇ ಅವಳಿಗೆ ನಿದ್ದೆ. ಆಮೇಲೆ ನಾನೊಂದು ಸಣ್ಣ ರಿಪೇರಿ ಮಾಡಿದೆ. ಈಗ ಹೊಸದರ ಮೇಲೆ ಹಾಯಾಗಿ ಮಲಗುತ್ತಾಳೆ. ಏನು ರಿಪೇರಿ ಎಂದು ಕೇಳಬೇಡ.

ನಿನ್ನ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿ ಮಡಿಸಿದ್ದೇನೆ. ಹೆರಿಗೆ ಸುಸೂತ್ರವಾಗಲಿ. ನಿನ್ನ ಉಪಕಾರವನ್ನು ನಾನು ಇರುವವರೆಗೂ ಮರೆಯುವುದಿಲ್ಲ.

ನಿನ್ನ ಜಿಗಣಿ ಅಮ್ಮ,
ನಾಗಲಕ್ಷ್ಮಮ್ಮ

ತಾ.ಕ.: ನಿನ್ನಿಂದ ಮುಚ್ಚಿಡಲು ಆಗುತ್ತಿಲ್ಲ. ಆ ಮೂಲೆ ಬಿಚ್ಚಿ, ನಿನ್ನ ಅವ್ವನ ಸೀರೆಯಲ್ಲಿ ಒಂದು ಗೇಣು ಕತ್ತರಿಸಿ ಪುಟ್ಟಿಯ ಕೌದಿಗೆ ಇಟ್ಟಿದ್ದೇನೆ. ಖಾಲಿಯಾದ ಜಾಗದಲ್ಲಿ ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನಾನು ಉಟ್ಟಿದ್ದ ಹಸಿರು ಸೀರೆಯ ಸೆರಗಿದೆ. ಅಲ್ಲಿ ಹೊಲಿಗೆ ಸೊಟ್ಟ, ಅದು ನನ್ನದು. ನಿನ್ನ ಕೂಸಿನ ಕೆನ್ನೆಗೆ ಅದು ಒಗ್ಗಿದರೆ ಒಂದು ಫೋನ್ ಮಾಡು. ಕೇಳದೆ ಕತ್ತರಿಸಿದ್ದಕ್ಕೆ ಬೈಯುವುದಿದ್ದರೆ ಮಾತ್ರ ಫೋನಿನಲ್ಲಿ ಬೇಡ, ಕೂಸನ್ನು ಎತ್ತಿಕೊಂಡು ಬಂದು ಬೈ.